ಬೇಸಿಗೆಗೆ ಕಿವಿ ಮಷೀನು ಬೀರು ಸೇರದಿರಲಿ

ಯುಗಾದಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಶಿವಮೊಗ್ಗ ಕಡೆಯ ಹೊಳೆಹೊನ್ನೂರು ಸುತ್ತಿನ ಎಷ್ಟೋ ಮನೆಗಳಲ್ಲಿ ಹಿರಿಯರ ಕಿವಿಯಲ್ಲಿದ್ದ ಮಷೀನು ಕಳಚಿ ಬೀರು ಸೇರುತ್ತದೆ. ‘ಬೆವರಿಗೆ ಕೆಟ್ಟುಹೋಗುತ್ತೆ ಕಣಪ್ಪ, ಮಳೆ ಹಿಡಿದ ಮೇಲೆ ಹಾಕ್ಕೊಂಡರಾಯ್ತು’ ಎನ್ನುತ್ತಾರೆ. ದುಡ್ಡು ಕೊಟ್ಟು ತಂದ ವಸ್ತುವಿನ ಮೇಲಿನ ಕಾಳಜಿಯಿಂದ ಬಂದ ಮಾತದು. ಆದರೆ ಮದುವೆ, ಗೃಹಪ್ರವೇಶ, ಜಾತ್ರೆ ಬರುವುದು ಈ ತಿಂಗಳುಗಳಲ್ಲೇ. ಬೆಂಗಳೂರಿನ ಮೊಮ್ಮಕ್ಕಳು ರಜೆಗೆಂದು ಬಂದು ಮನೆ ತುಂಬುವುದೂ ಆಗಲೇ. ಅಜ್ಜನಿಗೆ ಕೇಳಿಸಬೇಕಾದ ಮಾತು ವರ್ಷದಲ್ಲೇ ಹೆಚ್ಚಿರುವ ಹೊತ್ತಿಗೆ ಅವರ ಕಿವಿ ಮುಚ್ಚಿರುತ್ತದೆ. ಮಷೀನು ಉಳಿಸಲು ಇದಕ್ಕಿಂತ ಒಳ್ಳೆಯ ದಾರಿಗಳಿವೆ.

ಈ ಸೀಮೆಯಲ್ಲಿ ಕಿವಿ ಮಂದವಾದವರಿಗೆ ವಯಸ್ಸೊಂದೇ ಕಾರಣವಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಸ್ಥಾಪನೆಯಾಯಿತು. ಇಂಥ ಕಾರ್ಖಾನೆಗಳ ಯಂತ್ರಗಳ ನಡುವೆ ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ನಿಂತರೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ದುಡಿಮೆಯಲ್ಲಿ ಕಿವಿ ಸವೆಸಿಕೊಂಡವರಿಗೆ ಮಷೀನು ಶೋಕಿಯಲ್ಲ, ಊಟದಷ್ಟೇ ಅಗತ್ಯ.

ಶಿವಮೊಗ್ಗ ಕಡೆ ಏಪ್ರಿಲ್‌ನ ಹಗಲು 36ರಿಂದ 38 ಡಿಗ್ರಿ ಮುಟ್ಟುತ್ತದೆ. ನೆರಳಿನಲ್ಲಿದ್ದರೆ ಆ ಕಾವಿಗೆ ಮಷೀನು ಕೆಡುವುದಿಲ್ಲ. ಕೆಡಿಸುವುದು ಬೆವರು. ನೀರಾದರೆ ಆರಿಹೋಗುತ್ತದೆ, ಬೆವರಿನ ಉಪ್ಪು ಮಾತ್ರ ಒಳಗೇ ಉಳಿಯುತ್ತದೆ. ಸೆಲ್ ಮುಟ್ಟುವ ಲೋಹದ ತುದಿಗೆ ಹಸಿರು ಕಿಲುಬು ಹಿಡಿಯುತ್ತದೆ, ಮೈಕಿನ ಸೂಜಿಮೊನೆಯಂಥ ರಂಧ್ರ ಕಟ್ಟಿಕೊಳ್ಳುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಕುತ್ತಿಗೆಗೆ ಬಳಿದ ಪೌಡರ್ ಎರಡೂ ಬೆವರಿನ ಜೊತೆ ಇಳಿದು ಅಲ್ಲಿಗೇ ಸೇರುತ್ತವೆ. ಎಣ್ಣೆ, ಪೌಡರ್ ಎಲ್ಲ ಮುಗಿದು ಕೈ ತೊಳೆದ ಮೇಲೆ ಮಷೀನು ಮುಟ್ಟುವುದು ಒಳ್ಳೆಯದು. ಐಪಿ68 ಎಂದು ಬರೆದಿದ್ದರೂ ಧೈರ್ಯ ಬೇಡ. ಆ ಪರೀಕ್ಷೆ ದೂಳಿನದ್ದು ಮತ್ತು ನೀರಿನದ್ದು, ದಿನವೂ ಇಳಿಯುವ ಉಪ್ಪುಬೆವರಿನದ್ದಲ್ಲ.

ತೇವ ಸೇರಿದೆ ಎಂದು ತಿಳಿಯುವ ಬಗೆ ಸುಲಭ. ಮಧ್ಯಾಹ್ನದ ಹೊತ್ತಿಗೆ ಸದ್ದು ಒಮ್ಮೆ ಬಂದು ಒಮ್ಮೆ ಹೋಗುತ್ತದೆ, ಚಟಪಟ ಅನ್ನುತ್ತದೆ, ಬೆಳಗಾಗುವಷ್ಟರಲ್ಲಿ ತಾನೇ ಸರಿಹೋಗಿರುತ್ತದೆ. ‘ಸರಿಯಾಯ್ತಲ್ಲ’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಅದು ಎಚ್ಚರಿಕೆ. ಕಿವಿಯ ಹಿಂದೆ ಕೂರುವ ಮಷೀನಾದರೆ ಕಿವಿಯೊಳಗೆ ಕೂರುವ ಮೋಲ್ಡಿಗೆ ಹೋಗುವ ತೆಳು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಬಿಸಿಲಿನಿಂದ ಬಂದು ಎ.ಸಿ. ಇರುವ ಅಂಗಡಿಯೊಳಗೆ ಕಾಲಿಟ್ಟರೆ ಸಾಕು, ಅದರೊಳಗೆ ಹನಿ ಕಟ್ಟುತ್ತದೆ. ಒಂದೇ ಹನಿ ದಾರಿ ಮುಚ್ಚಿದರೂ ಸದ್ದು ನಿಲ್ಲುತ್ತದೆ. ಅದನ್ನು ಹೊರಹಾಕಲು ರಬ್ಬರಿನ ಪುಟ್ಟ ಬ್ಲೋಯರ್ ಸಿಗುತ್ತದೆ. ಬಾಯಿಂದ ಊದಬಾರದು, ಉಸಿರಿನಲ್ಲೂ ತೇವವಿದೆ.

ಇಷ್ಟಕ್ಕೆಲ್ಲ ಮದ್ದು ರಾತ್ರಿಯ ಐದು ನಿಮಿಷ. ಹಳೆಯ ಹತ್ತಿ ಪಂಚೆಯ ಒಣ ತುಂಡಿನಿಂದ ಮಷೀನು ಒರೆಸಬೇಕು. ಸೆಲ್ ತೆಗೆದು ಅದನ್ನೂ ಒರೆಸಿ ಹೊರಗಿಡಬೇಕು. ಸೆಲ್ಲಿನ ಬಾಗಿಲು ತೆರೆದೇ ಇಟ್ಟು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳಿನ ಜೊತೆ ಮುಚ್ಚಿಡಬೇಕು. ಹರಳು ತೇವ ಹೀರಿ ಬಣ್ಣ ಬದಲಿಸುತ್ತದೆ, ನೀಲಿಯದು ಗುಲಾಬಿಯಾಗುತ್ತದೆ. ಬಣ್ಣ ತಿರುಗಿತೆಂದರೆ ಬೇರೆ ಹರಳು ಹಾಕಬೇಕು. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣಗಳು ಅಷ್ಟರಲ್ಲೇ ತೇವ ಕುಡಿದಿರುತ್ತವೆ, ಅವನ್ನು ನೆಚ್ಚಬೇಡಿ. ಅಕ್ಕಿ ಡಬ್ಬಿಯೊಳಗೆ ಹೂತಿಡುವ ರೂಢಿಯನ್ನೂ ಬಿಡುವುದೇ ಲೇಸು, ಅಕ್ಕಿಯ ಹುಡಿ ರಂಧ್ರಕ್ಕೆ ಇಳಿಯುತ್ತದೆ. ಹಪ್ಪಳದ ಹಾಗೆ ತಾರಸಿಯ ಬಿಸಿಲಿಗೆ ಇಡುವುದಂತೂ ಬೇಡವೇ ಬೇಡ. ಹೇರ್ ಡ್ರೈಯರ್ ಕೂಡ ಅಷ್ಟೇ, ಪ್ಲಾಸ್ಟಿಕ್ ಬಾಗಿ ಮಷೀನೇ ಹೋಗುತ್ತದೆ.

ಬಿಸಿಲಿನಲ್ಲಿ ನಿಲ್ಲಿಸಿದ ಕಾರೂ ಹಾಗೇ. ಗಾಜು ಏರಿಸಿದ ಕಾರಿನೊಳಗಿನ ಉಷ್ಣತೆ ಒಂದು ಗಂಟೆಯೊಳಗೆ ಹೊರಗಿನದಕ್ಕಿಂತ ಸುಮಾರು 20 ಡಿಗ್ರಿ ಮೇಲೇರುತ್ತದೆ. ಛತ್ರದ ಮುಂದೆ ಕಾರು ನಿಲ್ಲಿಸಿ, ಮಷೀನನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋದರೆ ಅದು ಬೆಂದಂತೆಯೇ. ಚಾರ್ಜ್ ಮಾಡುವ ಮಷೀನುಗಳಲ್ಲಿರುವ ಲಿಥಿಯಂ ಬ್ಯಾಟರಿಯ ಆಯಸ್ಸು ಕಾವಿನಿಂದ ಬೇಗ ಕರಗುತ್ತದೆ. ಶೀಟಿನ ಮನೆಯಲ್ಲಿ ನಡುಮಧ್ಯಾಹ್ನ ಚಾರ್ಜಿಗೆ ಹಾಕುವ ಬದಲು ತಂಪಾದ ರಾತ್ರಿ ಹಾಕಿ.

ಬಟನ್ ಸೆಲ್ಲಿನ ಕಥೆ ಬೇರೆ. ಕಿತ್ತಳೆ ಸ್ಟಿಕ್ಕರಿನ 13, ನೀಲಿ ಸ್ಟಿಕ್ಕರಿನ 675 ಇವೆಲ್ಲ ಜಿಂಕ್-ಏರ್ ಸೆಲ್ಲುಗಳು, ಗಾಳಿ ಸೇವಿಸಿ ಕೆಲಸ ಮಾಡುತ್ತವೆ. ಸ್ಟಿಕ್ಕರ್ ಕಿತ್ತ ಗಳಿಗೆಯಿಂದ ಅವುಗಳ ಆಯಸ್ಸು ಶುರು, ಮತ್ತೆ ಅಂಟಿಸಿದರೆ ನಿಲ್ಲುವುದಿಲ್ಲ. ಕಿತ್ತ ಮೇಲೆ ನಾಲ್ಕೈದು ನಿಮಿಷ ಗಾಳಿಗಿಟ್ಟು ಆಮೇಲೆ ಹಾಕಬೇಕು. ಒಣ ಸೆಕೆಯಲ್ಲಿ ಒಳಗಿನ ದ್ರವ ಆರುತ್ತದೆ, ತೇವದ ಗಾಳಿಯಲ್ಲಿ ಸೆಲ್ ಉಬ್ಬುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೇಗ ಮುಗಿದರೆ ಅಂಗಡಿಯವನ ಮೇಲೆ ಸಿಟ್ಟಾಗಬೇಕಿಲ್ಲ. ಫ್ರಿಜ್ಜಿನಲ್ಲಿಡುವವರಿದ್ದಾರೆ. ಅಲ್ಲಿಂದ ಹೊರತೆಗೆದ ಕೂಡಲೇ ಅದರ ಮೇಲೆ ನೀರು ಕೂರುತ್ತದೆ, ಇಡಬೇಡಿ. ರಜೆಗೆ ಬಂದ ಪುಟ್ಟ ಮಕ್ಕಳಿರುವ ಮನೆಯಲ್ಲಿ ಹೊಸದಿರಲಿ, ಮುಗಿದದ್ದಿರಲಿ, ಸೆಲ್ ಕೈಗೆ ಸಿಗದಂತಿರಲಿ. ಮಗು ನುಂಗಿತೆಂದು ಅನುಮಾನ ಬಂದರೂ ಬಾಳೆಹಣ್ಣು ತಿನ್ನಿಸುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು.

ಜೇಬಿನಲ್ಲಿಡುವ ಪೆನ್ಸಿಲ್ ಸೆಲ್ಲಿನ ಮಷೀನು ಹಳ್ಳಿಗಳಲ್ಲಿ ಇನ್ನೂ ಇದೆ. ಅಂಗಿಯ ಜೇಬು ಬೆವರಿನಿಂದ ಒದ್ದೆಯಾಗುವುದರಿಂದ ಅದಕ್ಕೊಂದು ಹತ್ತಿ ಬಟ್ಟೆಯ ಚೀಲ ಹೊಲಿಸಿದರೆ ಒಳಿತು. ಭತ್ತದ ಒಕ್ಕಣೆಗೆ ನಿಂತಾಗ, ಹೊಳೆಗೆ ಇಳಿಯುವಾಗ ಯಾವ ಮಷೀನಾದರೂ ತೆಗೆದು ಡಬ್ಬಿಗೆ ಹಾಕಿ. ಅಶ್ವಿನಿ, ಭರಣಿ ಮಳೆ ಸಂಜೆ ಹೇಳದೆ ಕೇಳದೆ ಸುರಿಯುವ ಕಾಲವಾದ್ದರಿಂದ ಡಬ್ಬಿ ಜೊತೆಗಿರಲಿ.

ಇನ್ನು ಕಿವಿಯ ತುರಿಕೆ. ಮೋಲ್ಡಿನಡಿ ಬೆವರು ನಿಂತು ಬೂಸ್ಟು ಬೆಳೆಯುವುದು ಈ ಕಾಲದಲ್ಲಿ ಸಾಮಾನ್ಯ. ಅದಕ್ಕೆ ಬೆಚ್ಚಗಿನ ಎಣ್ಣೆ ಬಿಡುವುದು ನಮ್ಮ ಕಡೆಯ ಹಳೆಯ ಚಾಳಿ. ಎಣ್ಣೆಯಿಂದ ತುರಿಕೆ ಹೆಚ್ಚುತ್ತದೆ, ಮಷೀನಿನ ಬಾಯೂ ಕಟ್ಟುತ್ತದೆ. ಮೋಲ್ಡನ್ನು ಮಷೀನಿನಿಂದ ಬಿಡಿಸಿ, ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ತುರಿಕೆ ನಿಲ್ಲದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಬೇರೆಲ್ಲೋ ಇಎನ್‌ಟಿ ವೈದ್ಯರಿಗೆ ತೋರಿಸಿ.

ಬೇಸಿಗೆಯಲ್ಲಿ ಮಷೀನು ಕಿತ್ತಿಡಲು ಇನ್ನೊಂದು ಕಾರಣ ಫ್ಯಾನು. ಅದರ ಗಾಳಿ ಮೈಕಿಗೆ ಬಡಿದರೆ ಕಿವಿಯೊಳಗೆ ಬಿರುಗಾಳಿಯೆದ್ದ ಹಾಗಾಗುತ್ತದೆ. ಹಿರಿಯರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ತೆಗೆದಿಡುತ್ತಾರೆ. ಫ್ಯಾನಿನ ಮುಖವನ್ನೋ ಕುರ್ಚಿಯನ್ನೋ ಕೊಂಚ ತಿರುಗಿಸಿದರೆ ಮಷೀನು ಕಿವಿಯಲ್ಲೇ ಉಳಿಯುತ್ತದೆ.

ಅಂಗವಿಕಲರಿಗೆ ನೆರವಿನ ಸಾಧನ ಕೊಡುವ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ. ಅದರಲ್ಲಿ ಸಾಧನ ಪಡೆದವರಿಗೆ ಅದೇ ಉದ್ದೇಶಕ್ಕೆ ಮೂರು ವರ್ಷ ಮತ್ತೊಂದು ಸಿಗುವುದಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಆ ಗಡುವು ಒಂದು ವರ್ಷ. ಮೊದಲ ಬೇಸಿಗೆಯಲ್ಲೇ ಮಷೀನು ಕಿಲುಬು ಹಿಡಿದರೆ ಬಡವರು ಅಷ್ಟು ಕಾಲ ಮಾತಿಲ್ಲದೆ ಕಳೆಯಬೇಕಾಗುತ್ತದೆ. ದೇಶಕ್ಕೇ ಮಾದರಿಯೆನಿಸಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ಹೊಳೆಹೊನ್ನೂರಿನ ರೈತನಿಗೆ ಮಾತ್ರ ಅದು ಒಂದಿಡೀ ದಿನದ ಪಯಣ. ವಿಶ್ವ ಶ್ರವಣ ದಿನ ಬರುವುದು ಮಾರ್ಚ್ 3ರಂದು, ನಮ್ಮಲ್ಲಿ ಸೆಕೆ ಶುರುವಾಗುವ ಹೊತ್ತಿಗೆ. ಆ ವಾರ ಹೋಬಳಿ ಮಟ್ಟದಲ್ಲಿ ಶಿಬಿರ ಮಾಡಿ, ಗಟ್ಟಿಯಾದ ಹಳೆಯ ಟ್ಯೂಬು ಬದಲಿಸಿ, ಮಷೀನು ಶುಚಿ ಮಾಡಿಕೊಡಬಹುದು. ಮಷೀನು ಹಂಚುವ ಶಿಬಿರಗಳು ಅದರ ಜೊತೆಗೇ ಒಂದು ಒಣಡಬ್ಬಿ, ಒಂದು ಹಿಡಿ ಸಿಲಿಕಾ ಹರಳು, ಕನ್ನಡದಲ್ಲಿ ದಪ್ಪಕ್ಷರದ ಒಂದು ಹಾಳೆ ಕೊಡಬೇಕು. ಮಷೀನಿನ ಬೆಲೆಯ ಮುಂದೆ ಇವಕ್ಕೆ ತಗಲುವುದು ಏನೇನೂ ಅಲ್ಲ.