17 ಅಂತ ಬರೆದಿದೆ, 17 ಯಾಕಿಲ್ಲ?

ಜೇಬಿನ ಚಾಕು ಟೊಮೆಟೊ ಸಿಪ್ಪೆ ಮೇಲೆ ಜಾರ್ತಿದೆಯಾ? ಸಾಣೆ ಹಿಡಿಯೋಣ ಅಂತ ಲ್ಯಾನ್‌ಸ್ಕಿ ಥರದ ಕಿಟ್ ತಂದ್ರಿ. ಅಲಗನ್ನ ಕ್ಲ್ಯಾಂಪ್ ಕಚ್ಚಿಕೊಳ್ಳುತ್ತೆ, ಕಲ್ಲಿನ ಕಡ್ಡಿ ತೂತಿನೊಳಗೆ ಓಡಾಡುತ್ತೆ. ತೂತುಗಳ ಪಕ್ಕ 17, 20, 25, 30 ಡಿಗ್ರಿ. 17ಕ್ಕೆ ಹಾಕಿದ್ರೂ 17 ಸಿಗಲಿಲ್ಲ!

ಲೆಕ್ಕ ನೋಡಿ. ತೂತಿನ ಎತ್ತರ 5 ಸೆಂಟಿಮೀಟರ್, ಅಲ್ಲಿಂದ ಅಲಗಿನ ಅಂಚಿಗೆ ಅಡ್ಡಡ್ಡವಾಗಿ 15 ಅನ್ಕೊಳ್ಳಿ. ಕೋನ ಸುಮಾರು 18 ಡಿಗ್ರಿ. ಅಲಗು ಕಿರಿದಾಗಿ ಆ 15 ಬರೀ 12 ಆಯ್ತು? ತೂತು ಅದೇ, ಕೋನ ಮಾತ್ರ ಸುಮಾರು 23! ಬರೆದ ಅಂಕಿಯನ್ನ ಕಣ್ಮುಚ್ಚಿ ನಂಬಬೇಡಿ.

ಇನ್ನೊಂದು ತಲೆನೋವು. ಕೋನ ತಗ್ಗಿಸಿದಷ್ಟೂ ಕಲ್ಲು ಅಂಚಿಗಿಂತ ಮುಂಚೆ ಕ್ಲ್ಯಾಂಪಿಗೇ ತಾಗುತ್ತೆ. ಅರ್ಧ ಗಂಟೆ ಉಜ್ಜಿದ್ದು ಚಾಕುವನ್ನಲ್ಲ, ಕ್ಲ್ಯಾಂಪನ್ನ! ಅಲಗಿನ ಬೆನ್ನನ್ನಷ್ಟೇ ಕಚ್ಚಿಸಿ, ಉಳಿದದ್ದು ಹೊರಗಿರಲಿ. ಜಾರಿದ್ರೆ ಒಂದು ಸುತ್ತು ಟೇಪ್.

ಈಗ ಅಂಚಿಗೆ ಮಾರ್ಕರ್ ಮಸಿ ಬಳಿದು ಎರಡೇ ಸಲ ಉಜ್ಜಿ. ತುತ್ತತುದಿವರೆಗೂ ಮಸಿ ಅಳಿಸಿದ್ರೆ ಕೋನ ಸರಿ. ಮೇಲಷ್ಟೇ ಅಳಿಸಿದ್ರೆ ಕಲ್ಲು ಇನ್ನೂ ತುದಿ ಮುಟ್ಟಿಲ್ಲ.

ಹಾಗಂತ 10 ಡಿಗ್ರಿಗೆ ಆಸೆಪಡಬೇಡಿ. ನಿಮ್ಮದು ವಿಕ್ಟೋರಿನಾಕ್ಸ್ ಚಾಕು ಆಗಿದ್ರೆ, ಅದರ ಉಕ್ಕು ಸ್ವಲ್ಪ ಮೆದು. ಅಷ್ಟು ತೆಳು ಅಂಚು ಬೇಗ ಮಡಚಿಕೊಳ್ಳುತ್ತೆ. ಒಂದೊಂದು ಬದಿಗೆ 15ರಿಂದ 20 ಸಾಕು. ಮಡಚಿದ್ರೆ 58 ಮಿಲಿಮೀಟರ್ ಇರೋ ವಿಕ್ಟೋರಿನಾಕ್ಸ್‌ನ ಪುಟಾಣಿ ಚಾಕುವಿಗಂತೂ ಕ್ಲ್ಯಾಂಪೇ ದಂಡ. ಚಪ್ಪಟೆ ಕಲ್ಲು, ನಿಮ್ಮ ಕೈ, ಒಂಚೂರು ತಾಳ್ಮೆ. ಹರಿತ ನೋಡೋಕೆ ಹೆಬ್ಬೆರಳು ಬೇಡ ಮಾರಾಯ್ರೇ, ಹಳೇ ಪೇಪರ್ ಕೊಯ್ದು ನೋಡಿ.