ಅಜವಾನ ಬಿತ್ತಿದರೆ ದೊಡ್ಡಪತ್ರೆ ಬಾರದು

ಕೊಪ್ಪಳದ ಕಡೆ ಜೋಳದ ರೊಟ್ಟಿಯ ಜೊತೆಗೆ ಹಸಿ ತಪ್ಪಲು ಇರಲೇಬೇಕು. ಹಕ್ಕರಕಿ, ಮೆಂತ್ಯ, ಮೂಲಂಗಿ ಎಲೆ, ಉಳ್ಳಾಗಡ್ಡಿ ತಪ್ಪಲು ಹೀಗೆ ಯಾವುದಾದರೊಂದು ತಟ್ಟೆಯಲ್ಲಿ ಕಾಣುತ್ತದೆ. ಗಂಗಾವತಿಗೇನೋ ತುಂಗಭದ್ರೆಯ ಕಾಲುವೆಯಿದೆ. ಹೆಚ್ಚಾಗಿ ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಊರುಗಳಲ್ಲಿ ಬೇಸಿಗೆ ಬಂತೆಂದರೆ ಹಿತ್ತಲಿನ ಮಡಿಗಳು ಒಣಗುತ್ತವೆ. ಆಗಲೂ ಕುಂಡದಲ್ಲಿ ಹಸಿರಾಗಿ ನಿಲ್ಲುವ, ವರ್ಷಗಟ್ಟಲೆ ಬಾಳುವ ಖಾರದ ಸೊಪ್ಪೊಂದಿದೆ. ಅದೇ ದೊಡ್ಡಪತ್ರೆ.

ಇದನ್ನು ಅಜವಾನದ ಗಿಡವೆಂದೇ ಹಲವರು ಕರೆಯುತ್ತಾರೆ. ನಾನೂ ಹಾಗೆಯೇ ನಂಬಿ ಒಮ್ಮೆ ಅಡುಗೆಮನೆಯ ಅಜವಾನ ಕಾಳನ್ನು ಬಿತ್ತಿದ್ದೆ. ಬಂದದ್ದು ಸಬ್ಬಸಿಗೆಯಂಥ ಎಳೆಎಳೆ ಎಲೆಯ ಗಿಡ! ಹೂಬಿಟ್ಟು, ಕಾಳುಕಟ್ಟಿ ಒಣಗಿಹೋಯಿತು. ಮಕ್ಕಳಿಗೆ ವಿಜ್ಞಾನ ಕಲಿಸುವ ನನಗೆ ಮನೆಯಲ್ಲೇ ಪಾಠವಾಯಿತು.

ಅಜವಾನ ಕೊತ್ತಂಬರಿಯ ಕುಟುಂಬಕ್ಕೆ ಸೇರಿದ್ದು, ದೊಡ್ಡಪತ್ರೆ ತುಳಸಿಯ ಕುಟುಂಬಕ್ಕೆ. ಎಳೆಯ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ತುಳಸಿಯಂತೆಯೇ ನಾಲ್ಕು ಮೂಲೆಗಳು ತಿಳಿಯುತ್ತವೆ. ಹಾಗಾದರೆ ವಾಸನೆ ಒಂದೇ ಏಕೆ? ಅಜವಾನದ ಎಣ್ಣೆಯಲ್ಲಿ ಮುಖ್ಯವಾದದ್ದು ಥೈಮಾಲ್. ದೊಡ್ಡಪತ್ರೆಯಲ್ಲಿ ಥೈಮಾಲ್ ಜೊತೆಗೆ ಅದರ ದಾಯಾದಿ ಕಾರ್ವಕ್ರಾಲ್ ಇರುತ್ತದೆ. ಎರಡರ ಅಣುವಿನಲ್ಲೂ 10 ಇಂಗಾಲ, 14 ಜಲಜನಕ, 1 ಆಮ್ಲಜನಕದ ಪರಮಾಣುಗಳಿವೆ. ಜೋಡಣೆ ಮಾತ್ರ ಬೇರೆ.

ಆದ್ದರಿಂದ ಬೀಜ ಹುಡುಕಬೇಡಿ. ನೆರೆಮನೆಯಿಂದ ಗೇಣುದ್ದದ ಟೊಂಗೆ ತನ್ನಿ. ಕೆಳಗಿನ ಎಲೆಗಳನ್ನು ತೆಗೆದು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ಎರಡು ಮೂರು ವಾರಗಳಲ್ಲಿ ಬೇರೊಡೆಯುತ್ತದೆ. ಬರಿಯ ಎರೆಮಣ್ಣು ಬೇಡ, ನೀರು ಹಿಡಿದು ಬುಡ ಕೊಳೆಯುತ್ತದೆ. ಅರ್ಧದಷ್ಟು ಮರಳು, ಸ್ವಲ್ಪ ತಿಪ್ಪೆಗೊಬ್ಬರ ಬೆರೆಸಿ. ಕುಂಡದ ತಳಕ್ಕೆ ತೂತಿರಲಿ. ದಪ್ಪನೆಯ ಎಲೆಗಳೇ ನೀರು ಕೂಡಿಟ್ಟುಕೊಳ್ಳುವುದರಿಂದ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ. ತರಕಾರಿ ತೊಳೆದ ನೀರೇ ಸಾಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ನೆರಳು ಬೇಕು. ತುದಿ ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ.

ಎರಡು ಮೂರು ಎಳೆಯ ಎಲೆಗಳನ್ನು ಸಣ್ಣಗೆ ಹೆಚ್ಚಿ ಸವತೆಕಾಯಿಯ ಪಚಡಿಗೋ ಮೊಸರಿಗೋ ಬೆರೆಸಿ. ಹೆಚ್ಚಾದರೆ ಖಾರ ಗಂಟಲು ಹಿಡಿದೀತು.

ನನ್ನ ಕುಂಡದ ಗಿಡ ಪಕ್ಕದ ಮನೆಯ ಅಜ್ಜಿ ಕೊಟ್ಟ ಟೊಂಗೆಯಿಂದ ಬಂದದ್ದು. ಅವರು ಊರಲ್ಲಿಲ್ಲದ ಒಂದು ಬೇಸಿಗೆಯಲ್ಲಿ ಅವರ ಗಿಡ ಒಣಗಿತು. ನನ್ನದರಿಂದ ಒಂದು ಟೊಂಗೆ ಮುರಿದು ಕೊಟ್ಟೆ. ಟೊಂಗೆಯಿಂದ ಬೆಳೆದದ್ದು ತಾಯಿಗಿಡದ ಪಡಿಯಚ್ಚು. ಹಾಗಾಗಿ ಅಜ್ಜಿಗೆ ಸಿಕ್ಕಿದ್ದು ಅವರದೇ ಗಿಡ. ನಿಮ್ಮ ಗಿಡವನ್ನು ಉಳಿಸಿಕೊಳ್ಳಬೇಕೆ? ನಾಲ್ಕು ಮನೆಗೆ ಹಂಚಿರಿ.