ಒಂದೇ ಮೇಲ್ ಎರಡೆರಡು ಸಲ! ಅಳಿಸುವ ಮುನ್ನ ಇಷ್ಟು ಗೊತ್ತಿರಲಿ

ಡೆಂಕಣಿಕೋಟೆ: ಇನ್‌ಬಾಕ್ಸ್ ತೆರೆದರೆ ಒಂದೇ ಪರ್ಚೇಸ್ ಆರ್ಡರ್ ಎರಡು ಸಲ! ಹೊಸೂರಿನ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪಿನವರಿಗೆ ಇದು ತಮಾಷೆಯಲ್ಲ. 100 ಪೀಸಿನ ಬದಲು 200 ತಯಾರಾದರೆ ನಷ್ಟ ತುಂಬಿಕೊಡುವವರು ಯಾರು?

ಇದು ವೈರಸ್ಸಿನ ಕಾಟವೇ ಆಗಬೇಕೆಂದಿಲ್ಲ. ಥಂಡರ್‌ಬರ್ಡ್‌ನಂಥ ತಂತ್ರಾಂಶಗಳು ಪಾಪ್ ವಿಧಾನದಲ್ಲಿ ಮೇಲ್ ಇಳಿಸಿಕೊಂಡು, ಒಂದು ಪ್ರತಿಯನ್ನು ಸರ್ವರ್‌ನಲ್ಲೇ ಬಿಟ್ಟಿರಬಲ್ಲವು. ಯಾವುದು ಇಳಿದಿದೆ ಎಂಬ ಲೆಕ್ಕ ‘ಪಾಪ್‌ಸ್ಟೇಟ್’ ಎಂಬ ಪುಟ್ಟ ಫೈಲಿನಲ್ಲಿರುತ್ತದೆ. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದಾಗ ಆ ಫೈಲು ಕೆಟ್ಟರೆ ಮುಗಿಯಿತು, ಹಳೆಯದೆಲ್ಲ ಮತ್ತೊಮ್ಮೆ ಇಳಿಯುತ್ತದೆ.

ನಕಲನ್ನು ಗುರುತಿಸುವುದು ಹೇಗೆ? ಸಾಮಾನ್ಯವಾಗಿ ಪ್ರತಿ ಮೇಲ್‌ನ ಹೆಡರ್‌ನಲ್ಲಿ ಅದರದ್ದೇ ಆದ ‘ಮೆಸೇಜ್ ಐಡಿ’ ಇರುತ್ತದೆ. ಅದೂ ಒಂದೇ, ಒಳಗಿನ ಬರಹವೂ ಒಂದೇ ಆದರೆ ಅದು ನಕಲು. ಬರೀ ವಿಷಯದ ಸಾಲು ನೋಡಿ ಅಳಿಸಲು ಹೊರಡಬೇಡಿ. ತಿದ್ದುಪಡಿಯಾದ ಆರ್ಡರ್ ಹಳೆಯ ತಲೆಬರಹದಲ್ಲೇ ಬರಬಹುದು. ನಮ್ಮ ಗಡಿ ಊರುಗಳಲ್ಲಂತೂ ಒಂದೇ ನೋಟಿಸು ತಮಿಳಿನಲ್ಲೊಂದು, ಇಂಗ್ಲಿಷಿನಲ್ಲೊಂದು ಬಂದೀತು. ಎರಡೂ ಬೇಕು.

ಮೊದಲು ಥಂಡರ್‌ಬರ್ಡ್ ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ನಕಲು ಹುಡುಕಲು ‘ರಿಮೂವ್‌ಡ್ಯೂಪ್ಸ್’ ಎಂಬ ಆಡ್‌ಆನ್ ಇದೆ. ಅದು ಪಟ್ಟಿ ತೋರಿಸಿದ ಮೇಲೆ ಕಣ್ಣಾಡಿಸಿ, ನೇರ ಅಳಿಸದೆ ಬೇರೆ ಫೋಲ್ಡರಿಗೆ ಸಾಗಿಸಿ. ವಾರ ಬಿಟ್ಟು ಅಳಿಸಿದರಾಯಿತು. ಆಮೇಲೆ ‘ಕಾಂಪ್ಯಾಕ್ಟ್’ ಒತ್ತಿ, ಇಲ್ಲದಿದ್ದರೆ ಡಿಸ್ಕಿನಲ್ಲಿ ಜಾಗ ಖಾಲಿಯಾಗದು.

ಅಕೌಂಟ್ ಐಮ್ಯಾಪ್ ಆಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಇಲ್ಲಿ ಅಳಿಸಿದ್ದು ಸರ್ವರ್‌ನಿಂದಲೂ, ಮಗನ ಮೊಬೈಲಿನಿಂದಲೂ ಮಾಯ.